ಅಗಲದ ಬಾಗಿಲು

ಜೂನ್ 3

ಮೊಂಡ ತಮ್ಮನಿಗೆ,

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರು ಮಾಡಿದರೆ ನೀನು ನಗುತ್ತೀಯ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕ್ಷೇಮವಾಗಿದ್ದ ದಿನವನ್ನು ದೀಪ ಹಿಡಿದು ಹುಡುಕಬೇಕು. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ. ಹಳೆಯ ಮನೆ ಕೆಡವಿದ ಜಾಗದಲ್ಲೇ ಹೊಸ ಗೋಡೆಗಳು ಎದ್ದು ನಿಂತಿವೆ, ಮೇಲೆ ತಾರಸಿಯೂ ಕೂತಿದೆ. ಉಳಿದದ್ದು ಗಿಲಾವು, ನೆಲ, ಬಾಗಿಲು, ಬಣ್ಣ. ಕಟ್ಟುವುದು ಒಂದು ತೂಕವಾದರೆ ಮುಗಿಸುವುದು ಇನ್ನೊಂದು ತೂಕ. ಹಗಲೆಲ್ಲ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಆವಿಯಲ್ಲಿ ಬೇಯಿಸಿ, ಪಾಳಿ ಮುಗಿಸಿ ಬಂದು ಇಲ್ಲಿ ಮೇಸ್ತ್ರಿಯ ತಲೆ ತಿನ್ನುತ್ತೇನೆ.

ಹಳೆಯದನ್ನು ಕೆಡವಿದ ದಿನ ಮೊದಲ ಸುತ್ತಿಗೆ ಏಟು ನಾನೇ ಹಾಕಿದ್ದು. ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ. ಅಮ್ಮನ ತಲೆ ಎಷ್ಟು ಸಲ ಅಲ್ಲಿಗೆ ಬಡಿದಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಮೇಸ್ತ್ರಿ, “ಅಕ್ಕಾ, ಹಂಗಲ್ಲ, ಮನೆ ಮೇಲಿಂದ ಒಡ್ಕೊಂಡು ಬರ್ಬೇಕು” ಎಂದ. ನನಗೆ ಅಲ್ಲಿಂದಲೇ ಒಡೆಯಬೇಕಿತ್ತು. ಗೋಡೆ ಬಾಯಿ ಬಿಡುವ ತನಕ ಹೊಡೆದೆ, ಆಮೇಲೆ ಒಂದು ವಾರ ಭುಜ ಎತ್ತಲಾಗಲಿಲ್ಲ.

ನಿನ್ನೆ ಗಾರೆಯವನಿಗೂ ವೈರಿಂಗ್‌ನವನಿಗೂ ಹೊಡೆದಾಟವಾಯಿತು. ಅವನು ತೀಡಿ ತೀಡಿ ನಯ ಮಾಡಿದ ಗೋಡೆಯನ್ನು ಇವನು ಉಳಿ ಹಿಡಿದು ಬಗೆದಿದ್ದ. ಗಾರೆಯವನ ಕರಣೆ ಹಾರಿತು. ವೈರಿಂಗ್‌ನವನ ಹುಬ್ಬು ಸೀಳಿ ಹಸಿ ಗಿಲಾವಿನ ಮೇಲೆಲ್ಲ ರಕ್ತ. ನಾನು ನೀರಿನ ಪೈಪು ಎಳೆದು ತಂದು ಇಬ್ಬರಿಗೂ ಬಿಟ್ಟೆ. ಅಮ್ಮ ಒದ್ದೆ ಬಟ್ಟೆ ತಂದಳು, ಯಾರು ಏನು ಅಂತ ಕೇಳಲಿಲ್ಲ, ಗೋಡೆ ಒರೆಸಿ ಹೋದಳು. ಅಭ್ಯಾಸ ಎಂಥದ್ದು ನೋಡು.

ಈಗ ಕೆಲಸದ ಮಾತು. ಬಾಗಿಲುಗಳನ್ನು ನಿಮ್ಮ ಜೈಲಿನ ಮರಗೆಲಸದ ಶೆಡ್ಡಿಗೇ ಕೊಟ್ಟಿದ್ದೇನೆ. ಹೊರಗಿನವರ ಕೆಲಸವನ್ನೂ ಮಾಡಿಕೊಡುತ್ತಾರಂತೆ. ನಿನ್ನ ಕೈಗೇ ಬರಲಿ ಎಂದು ಅಲ್ಲಿನ ಸಾಹೇಬರಲ್ಲಿ ಕೇಳಿಕೊಂಡೆ, ಒಪ್ಪಿದರು. ಊರಿನಲ್ಲೇ ಒಳ್ಳೆಯ ಬಡಗಿ ಜೈಲಿನಲ್ಲಿರುವಾಗ ಬೇರೆಯವನ ಹತ್ತಿರ ಯಾಕೆ ಹೋಗಲಿ? ಮುಂಬಾಗಿಲು, ನನ್ನ ಕೋಣೆ, ನಿನ್ನ ಕೋಣೆ, ಮೂರೂ ಮೂರಡಿ ಅಗಲ. ಅಮ್ಮನದು ಹಿಂದಿನ ಕೋಣೆ, ಅದಕ್ಕೆ ಮಾತ್ರ ನಾಲ್ಕಡಿ ಅಗಲದ ಬಾಗಿಲು ಬೇಕು, ಹೊಸ್ತಿಲು ಬೇಡ. ನವೆಂಬರ್ ಕೊನೆಗೆ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಅಕ್ಕ

ಜೂನ್ 21

ದೊಡ್ಡಮೇಸ್ತ್ರಿಗೆ ತಮ್ಮನ ಸಲಾಮು,

ನಮ್ಮ ಮನೆಯ ಬಾಗಿಲು ನನ್ನ ಕೈಗೇ ಬಂದ ದಿನ ಶೆಡ್ಡಿನಲ್ಲಿ ಎಲ್ಲರಿಗೂ ತಮಾಷೆ. ‘ಜೈಲಿನೊಳಗೆ ಕೂತು ಹೊರಗಿನ ಬಾಗಿಲು ಮಾಡುತ್ತಾನೆ’ ಅಂತ. ನಗಲಿ. ಮರ ಚೆನ್ನಾಗಿದೆ, ಚೆನ್ನಾಗಿ ಒಣಗಿದೆ, ಗಂಟು ಕಡಿಮೆ. ಮುಂಬಾಗಿಲಿನ ಹಲಗೆಗಳನ್ನು ಕೀಸಿ ಜೋಡಿಸಿ ಆಯಿತು.

ಶೆಡ್ಡಿನಲ್ಲಿ ಕೆಲಸ ಮಾಡುವುದೂ ಹುಲಿ ಬೋನಿನಲ್ಲಿ ಊಟ ಮಾಡುವುದೂ ಒಂದೇ. ಹೋದ ವಾರ ಉಳಿಗಾಗಿ ಇಬ್ಬರು ಜಗಳಾಡಿದರು. ಒಬ್ಬನ ಅಂಗೈಯನ್ನು ಇನ್ನೊಬ್ಬ ಅದೇ ಉಳಿಯಿಂದ ಮೇಜಿಗೆ ಸೇರಿಸಿ ಹೊಡೆದ. ಉಳಿ ಕಿತ್ತವನು ನಾನು. ಪಕ್ಕದಲ್ಲಿ ನಿನ್ನ ಕೋಣೆಯ ಬಾಗಿಲಿತ್ತು, ಅದಕ್ಕೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಂಡೆ.

ಚಿಲಕಗಳನ್ನು ನಾನೇ ಆರಿಸುತ್ತೇನೆ. ಒಳಗಡೆ, ಎಲ್ಲ ಬಾಗಿಲಿಗೂ, ಗಟ್ಟಿ ಕಬ್ಬಿಣದ್ದು. ಹಳೇ ಮನೆಯಲ್ಲಿ ಒಂದೇ ಒಂದು ಕೋಣೆಗೂ ಒಳಚಿಲಕವಿರಲಿಲ್ಲ, ಅಪ್ಪ ಅನ್ನಿಸಿಕೊಂಡ ಆ ಮನುಷ್ಯ ಇಕ್ಕಳ ಹಿಡಿದು ಒಂದೊಂದನ್ನೂ ಕಿತ್ತು ಹಾಕಿದ್ದ. ತನಗೆ ಬೇಕಾದಾಗ ಒಳಗೆ ಬಂದು ಹೊಡೆಯುವುದಕ್ಕೆ. ನನಗೆ ಈಗ ಒಂದೇ ಆಸೆ ಉಳಿದಿದೆ ಅಕ್ಕಾ. ನಾನೇ ಮಾಡಿದ ಬಾಗಿಲನ್ನು ನಾನೇ ಒಳಗಿನಿಂದ ಹಾಕಿಕೊಂಡು ಮಲಗಬೇಕು. ಇಲ್ಲಿ ದಿನಾ ಸಂಜೆ ಬೇರೆಯವರು ಹೊರಗಿನಿಂದ ಹಾಕುತ್ತಾರೆ.

ನಾಲ್ಕಡಿ ಬಾಗಿಲು ಯಾಕೆ? ಅಷ್ಟು ಅಗಲ ಎಮ್ಮೆ ನುಗ್ಗಿಸುವುದಕ್ಕೆ ಬೇಕು, ಅಮ್ಮನಿಗಲ್ಲ. ಅಳತೆ ತಪ್ಪಿದ್ದರೆ ಈಗಲೇ ಹೇಳು, ಮರ ಕೊಯ್ದ ಮೇಲೆ ಅತ್ತರೆ ಕೂಡುವುದಿಲ್ಲ.

ಇನ್ನೊಂದು ಮಾತು. ನೀನು ಯಾವ ಪತ್ರದಲ್ಲೂ ಅಮ್ಮ ನನ್ನ ಬಗ್ಗೆ ಏನಂದಳು ಎಂದು ಬರೆಯುವುದಿಲ್ಲ. ಆ ಮನುಷ್ಯ ಅವಳ ಕೂದಲು ಸುತ್ತಿ ಹಿಡಿದು ನೆಲದ ಮೇಲೆ ಎಳೆಯುವಾಗ ನಾನು ಹಾರೆ ಎತ್ತಿದೆ, ಅವನ ಕಾಲು ಹೋಯಿತು, ನಾನು ಇಲ್ಲಿಗೆ ಬಂದೆ. ಅವತ್ತಿನಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿಲ್ಲ. ಕೋರ್ಟಿನಲ್ಲಿ ‘ಹೊಡೆದದ್ದು ನನ್ನ ಮಗನೇ’ ಅಂತ ಹೇಳಿದ್ದು ಅವನ ಹೆದರಿಕೆಗೆ, ಅದು ನನಗೆ ಅರ್ಥವಾಗುತ್ತದೆ. ಅದಕ್ಕೆ ನನಗೆ ಕೋಪವಿಲ್ಲ. ಈಗ ಅವನು ದೊಡ್ಡಪ್ಪನ ಮನೆಯ ಶೆಡ್ಡಿನಲ್ಲಿ ಬಿದ್ದಿದ್ದಾನಲ್ಲ, ಇನ್ನು ಹೆದರಿಕೆ ಯಾರದು? ಒಂದು ಮಾತು ಹೇಳಿಸಿ ಬರಿ. ಬೈದರೂ ಸರಿ.

ಮೊಂಡ

ಜುಲೈ 9

ತಮ್ಮಾ,

ಅಳತೆ ಸರಿಯಾಗಿದೆ, ನಾಲ್ಕಡಿಯೇ. ಅಮ್ಮನ ಹಳೇ ಕಬ್ಬಿಣದ ಬೀರು ಮೂರಡಿಯಲ್ಲಿ ತೂರುವುದಿಲ್ಲ. ಮಂಡಿ ನೋವು ಬೇರೆ, ಹೊಸ್ತಿಲು ದಾಟುವುದು ಕಷ್ಟ. ವಯಸ್ಸಾಯಿತು ಕಣೋ ಅವಳಿಗೆ.

ನೆಲ ಆರಿಸುವ ದಿನ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಜಗಳ. ಅವಳು ಕೆಂಪು ಬೇಕು ಎಂದಳು, ಹಳೆಯ ಮನೆಯ ಹಾಗೆ. “ಕೆಂಪಾದ್ರೆ ಕಲೆ ಕಾಣಲ್ಲ” ಎಂದಳು. ಯಾವ ಕಲೆ ಅಂತ ನಾನು ಎಲ್ಲರೆದುರಿಗೇ ಕೇಳಿಬಿಟ್ಟೆ. ಅಂಗಡಿಯವನು ಕ್ಯಾಲ್ಕುಲೇಟರ್ ನೋಡುತ್ತ ನಿಂತ. ಕೊನೆಗೆ ತಿಳಿ ಬೂದು ಬಣ್ಣದ ಟೈಲ್ಸ್ ತಂದೆ. ಅವತ್ತು ಸಂಜೆ ಅಮ್ಮ ಹೊಸ ಟೈಲ್ಸ್ ಪೆಟ್ಟಿಗೆ ಒಂದನ್ನು ಮೆಟ್ಟಿಲಿನಿಂದ ಕೆಳಗೆ ಬಿಟ್ಟಳು. ಕೈ ಜಾರಿತು ಅಂದಳು. ಜಾರಿದ ಪೆಟ್ಟಿಗೆ ಅಷ್ಟು ದೂರ ಹೋಗುವುದಿಲ್ಲ. ನಾವಿಬ್ಬರೂ ಚೂರು ಆರಿಸಿದೆವು, ಅವಳ ಹೆಬ್ಬೆರಳು ಕುಯ್ದುಕೊಂಡಿತು.

ಬಚ್ಚಲಿಗೆ ಮಾತ್ರ ಒರಟು ಟೈಲ್ಸ್, ಜಾರಬಾರದು ಅಂತ. ಗೋಡೆಗೆ ಎರಡು ಕಡೆ ಸ್ಟೀಲ್ ಹಿಡಿಕೆ ಹಾಕಿಸಿದ್ದೇನೆ, ಸೊಂಟದ ಎತ್ತರಕ್ಕೆ. ಬಚ್ಚಲಿನ ಬಾಗಿಲೂ ನಾಲ್ಕಡಿ ಇರಲಿ, ಹೋದ ಸಲ ಬರೆಯಲು ಮರೆತೆ. ಟೈಲ್ಸ್ ಹಾಕುವವನು ಒಳ್ಳೆಯವನೇ, ಬಾಯಿ ಮಾತ್ರ ಹೊಲಸು. ತನ್ನ ಹೆಂಡತಿಗೆ ಫೋನಿನಲ್ಲಿ ಕೂಗಾಡುತ್ತ ಕೆಲಸ ಮಾಡುತ್ತಾನೆ. ಮೊನ್ನೆ ಅವನ ಫೋನು ಕಿತ್ತು ಸಿಮೆಂಟಿನ ಬಾಣಲೆಗೆ ಹಾಕಿದೆ. ಆಮೇಲೆ ಎರಡು ದಿನ ಬರಲಿಲ್ಲ, ಮೂರನೇ ದಿನ ಬಾಲ ಮುದುರಿಕೊಂಡು ಬಂದ.

ನಿನ್ನ ಕೋಣೆಗೆ ಬಣ್ಣ ಯಾವುದು ಬೇಕು ಹೇಳು. ಬೀದಿ ಕಡೆ ಕಿಟಕಿ ಇದೆ, ಬೆಳಕು ಜಾಸ್ತಿ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಪತ್ರ ಓದಿ ಹೇಳಿದೆ, ಕೇಳಿಸಿಕೊಂಡಳು.

ಅಕ್ಕ

ಜುಲೈ 30

ಅಕ್ಕಾ,

ಇಲ್ಲಿ ಪತ್ರ ಓದುವ ಸಾಹೇಬರ ಕಣ್ಣಿಗೆ ಇದು ಬೀಳುವುದಿಲ್ಲ, ಬಿಡುಗಡೆಯಾದವನೊಬ್ಬನ ಅಂಗಿಯೊಳಗೆ ಬರುತ್ತಿದೆ. ಆದ್ದರಿಂದ ಬಾಯಿ ಬಿಟ್ಟು ಕೇಳುತ್ತೇನೆ.

ಅವನು ಅಲ್ಲಿದ್ದಾನಾ?

ನಾನು ಬಡಗಿ. ಹೋದ ವರ್ಷ ಇದೇ ಶೆಡ್ಡಿನಲ್ಲಿ ಆಸ್ಪತ್ರೆಯೊಂದಕ್ಕೆ ಬಾಗಿಲು ಮಾಡಿದ್ದೇವೆ. ನಾಲ್ಕಡಿ ಅಗಲ, ಹೊಸ್ತಿಲಿಲ್ಲ, ಬಚ್ಚಲಿನಲ್ಲಿ ಸೊಂಟದೆತ್ತರಕ್ಕೆ ಹಿಡಿಕೆ. ಅದು ಬೀರುವಿನ ಅಳತೆಯಲ್ಲ, ಗಾಲಿಕುರ್ಚಿಯ ಅಳತೆ. ಬೀರು ಒಂದು ಸಲ ಒಳಗೆ ಹೋದರೆ ಮುಗಿಯಿತು, ಅದು ದಿನಾ ಬೆಳಗ್ಗೆ ಎದ್ದು ಸ್ನಾನಕ್ಕೆ ಹೋಗುತ್ತದಾ? ನಿನ್ನ ಸುಳ್ಳಿಗೆ ತಲೆಯೂ ಇಲ್ಲ ಬುಡವೂ ಇಲ್ಲ.

ಪತ್ರ ಓದಿ ಶೆಡ್ಡಿಗೆ ಹೋದೆ. ನಾಲ್ಕಡಿ ಬಾಗಿಲು ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿಟ್ಟಿತ್ತು. ಅಷ್ಟು ಚಂದದ ಬಾಗಿಲನ್ನು ಈ ಕೈ ಹಿಂದೆ ಮಾಡಿಲ್ಲ. ಕೊಡಲಿ ತೆಗೆದು ನಡುವೆ ಸೀಳಿದೆ. ಹಲಗೆ ಚೂರಾಗುವ ತನಕ ಕಡಿದೆ, ತಡೆಯಲು ಬಂದ ಜೊತೆಯವನನ್ನು ಮೊಣಕೈಯಿಂದ ತಳ್ಳಿದೆ, ಅವನ ತುಟಿ ಒಡೆಯಿತು. ಈಗ ನನ್ನನ್ನು ಶೆಡ್ಡಿನಿಂದ ಹೊರಗೆ ಹಾಕಿದ್ದಾರೆ, ಅಂಗಳ ಗುಡಿಸುತ್ತಿದ್ದೇನೆ.

ಯಾರಿಗಾಗಿ ನಾನು ಇಲ್ಲಿ ಕೊಳೆಯುತ್ತಿರುವುದು? ಅವಳಿಗಾಗಿ. ಅವಳನ್ನು ಅವನ ಕೈಯಿಂದ ಬಿಡಿಸಿದ್ದಕ್ಕೆ. ನೀನು ಅದೇ ಮನುಷ್ಯನಿಗೆ ಹಿಡಿಕೆ ಹಾಕಿಸಿದೆಯಲ್ಲ, ಅವನು ಜಾರಬಾರದು ಅಂತ. ಅವನು ಆ ಮನೆಯಲ್ಲಿರುವುದು ನಿಜವಾದರೆ ನಾನು ಬಂದ ದಿನ ಅರ್ಧಕ್ಕೆ ನಿಂತ ಕೆಲಸ ಮುಗಿಸುತ್ತೇನೆ. ಆಮೇಲೆ ನಿನ್ನ ಬೂದು ಟೈಲ್ಸ್ ಯಾವ ಬಣ್ಣ ಕಾಣುತ್ತದೆ ನೋಡು.

ಆಗಸ್ಟ್ 14

ತಮ್ಮಾ,

ಹೌದು. ಅಪ್ಪ ಇಲ್ಲೇ ಇದ್ದಾನೆ. ಬಡಗಿಗೆ ಅಳತೆ ಕಳಿಸಿ ಗುಟ್ಟು ಮುಚ್ಚಿಡಬಹುದು ಅಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ. ನಿನ್ನ ಕೈಕೆಲಸ ಬೇಕು ಅನ್ನುವ ದುರಾಸೆ, ಅಷ್ಟೇ.

ಕರೆತಂದದ್ದು ನಾನಲ್ಲ. ಹೋದ ವರ್ಷವೇ ಅಮ್ಮ ನನಗೆ ಹೇಳದೆ ದೊಡ್ಡಪ್ಪನ ಊರಿಗೆ ಹೋಗಿ ವ್ಯಾನಿನಲ್ಲಿ ಹಾಕಿಕೊಂಡು ಬಂದಳು. ನಾನು ಲಾಂಡ್ರಿಯಿಂದ ಬಂದಾಗ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಗಾಲಿಕುರ್ಚಿ. ಬೆನ್ನ ತುಂಬ ಹುಣ್ಣು, ತಲೆ ತುಂಬ ಹೇನು, ವಾಸನೆಗೆ ಕಣ್ಣು ಉರಿಯುತ್ತಿತ್ತು. ದೊಡ್ಡಮ್ಮ ಅವನಿಗೆ ನಾಯಿಯ ಪಕ್ಕ ಜಾಗ ಕೊಟ್ಟಿದ್ದಳಂತೆ. ನನಗೆ ಮೊದಲು ಬಂದದ್ದು ನಗು ಕಣೋ. ನಿಜ ಹೇಳುತ್ತೇನೆ, ಸರಿಯಾಯಿತು ಅನ್ನಿಸಿತು.

ಆದರೆ ಅವನು ಮೆತ್ತಗಾಗಿದ್ದಾನೆ ಅಂದುಕೊಳ್ಳಬೇಡ. ಕಾಲು ಹೋಗಿದೆ, ಕೈ ಹೋಗಿಲ್ಲ. ಬಿಸಿ ಟೀ ಕೊಟ್ಟರೆ ಲೋಟ ಸಮೇತ ಅಮ್ಮನ ಮುಖಕ್ಕೆ ಎರಚುತ್ತಾನೆ. ಅವಳ ಕತ್ತಿನ ಕೆಳಗೆ ಅಂಗೈಯಗಲ ಚರ್ಮ ಸುಲಿದು ಬಂದಿತ್ತು. ಹಾಸಿಗೆ ಬದಲಿಸುವಾಗ ಕೈ ಸಿಕ್ಕರೆ ಕಚ್ಚುತ್ತಾನೆ. ಕುರ್ಚಿಯ ಚಕ್ರವನ್ನು ಅವಳ ಪಾದದ ಮೇಲೆ ಹತ್ತಿಸುತ್ತಾನೆ, ಹತ್ತಿಸಿ ಅಲ್ಲೇ ನಿಲ್ಲಿಸುತ್ತಾನೆ. ಅವಳು ಕೂಗುವುದಿಲ್ಲ. ಪಾದ ಎಳೆದುಕೊಂಡು ಒಳಗೆ ಹೋಗಿ ಅಡುಗೆ ಮಾಡುತ್ತಾಳೆ.

“ಯಾಕಮ್ಮಾ ಇವನನ್ನ ತಂದೆ?” ಅಂತ ಒಂದು ದಿನ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿ ಕೇಳಿದೆ.

“ಅವರು ಎಷ್ಟು ದೂರಕ್ಕೆ ಕೈ ಬೀಸ್ತಾರೆ ಅಂತ ನಂಗೊತ್ತು ಕಣೆ. ಎಲ್ಲಿ ನಿಲ್ಬೇಕು ಅಂತ ಗೊತ್ತು. ಈಗಂತೂ ಎರಡು ಹೆಜ್ಜೆ ಹಿಂದೆ ಹೋದ್ರೆ ಸಾಕು.”

ಇದೊಂದು ಉತ್ತರವಾ ಹೇಳು. ಅಲ್ಲಿಂದ ನಾನು ಕೇಳುವುದು ಬಿಟ್ಟೆ. ಬಾಡಿಗೆ ಮನೆಯ ಬಚ್ಚಲಲ್ಲಿ ಅವಳೊಬ್ಬಳೇ ಅವನನ್ನು ಎತ್ತಿ ಇಳಿಸಿ ಅವಳ ಸೊಂಟ ಬಿತ್ತು. ಹಿಡಿಕೆ ಹಾಕಿಸಿದ್ದು ಅವಳಿಗಾಗಿ, ಅವನಿಗಾಗಿ ಅಲ್ಲ. ಹೊಸ ಮನೆ ಕಟ್ಟಿದ್ದೂ ಹಾಗೆಯೇ, ಒಂದು ಕಡೆಯಾದರೂ ಗೋಡೆಗೆ ಏಟಿನ ಗುರುತಿಲ್ಲದೆ ಬದುಕೋಣ ಅಂತ.

ನೀನು ಬರುವ ಮನೆ ಇದು. ಬೆಂಕಿ ಹಿಡಿದುಕೊಂಡು ಬರಬೇಡ. ಕೋಣೆಗೆ ಬಣ್ಣ ಯಾವುದು ಅಂತ ನೀನು ಇನ್ನೂ ಹೇಳಲಿಲ್ಲ.

ಅಕ್ಕ

ಸೆಪ್ಟೆಂಬರ್ 29

ಮತ್ತೆ ಶೆಡ್ಡಿಗೆ ಬಿಟ್ಟಿದ್ದಾರೆ. ಮೂರಡಿಯ ಮೂರು ಬಾಗಿಲು ಲಾರಿಗೆ ಹಾಕಿದ್ದೇವೆ. ಚಿಲಕದ ಕೆಲಸ ಅಲ್ಲಿನವರು ಮಾಡಿಕೊಳ್ಳಲಿ. ನಾಲ್ಕಡಿಯದು ಇಲ್ಲ, ಮಾಡುವುದೂ ಇಲ್ಲ.

ನವೆಂಬರ್ ಕೊನೆಗೆ ನಾನು ಬರುತ್ತೇನೆ. ಅಷ್ಟರಲ್ಲಿ ಅವನು ಅಲ್ಲಿರಬಾರದು. ಅವನೋ ನಾನೋ ಅಂತ ಅಮ್ಮನನ್ನೇ ಕೇಳಿ ಬರಿ. ಬಣ್ಣ ಏನಾದರೂ ಬಳಿ.

ಅಕ್ಟೋಬರ್ 11

ತಮ್ಮಾ,

ಬಾಗಿಲು ಬಂದವು. ಮುಂಬಾಗಿಲು ನಿಲ್ಲಿಸಿದ ದಿನ ಬೀದಿಯವರೆಲ್ಲ ಬಂದು ಕೈಯಾಡಿಸಿ ನೋಡಿದರು. ನಾನು ಯಾರು ಮಾಡಿದ್ದು ಎಂದು ಹೇಳಿದೆ, ಜೋರಾಗಿಯೇ ಹೇಳಿದೆ.

ಈ ಪತ್ರ ಬರೆಯಲು ಮೂರು ಸಲ ಕೂತು ಎದ್ದೆ. ಒಂದು ನನ್ನ ವಿಷಯ, ಒಂದು ಅಮ್ಮನದು. ಮೊದಲು ನನ್ನದು.

ಹೋದ ವಾರ ಬಣ್ಣದವರು ಕೊನೆಯ ಕೈ ಬಳಿದು ಹೋದರು. ಹಾಲಿಗೆ ತಿಳಿ ಹಳದಿ, ನಿನ್ನ ಕೋಣೆಗೆ ಬಿಳಿ. ಸಾಮಾನು ತಂದು ಜೋಡಿಸುತ್ತಿದ್ದೆವು. ಅಮ್ಮ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ ಮೇಲಿನ ಕಪಾಟಿಗೆ ಪಾತ್ರೆ ಇಡುತ್ತಿದ್ದಳು. ಅಪ್ಪ ಹಾಲಿನಿಂದ ನೋಡುತ್ತ ಕೂತಿದ್ದವನು ಚಕ್ರ ತಿರುಗಿಸಿಕೊಂಡು ರಭಸದಿಂದ ಬಂದು ಸ್ಟೂಲಿನ ಕಾಲಿಗೆ ಗುದ್ದಿದ. ಅವಳು ಪಾತ್ರೆ ಸಮೇತ ಬಿದ್ದಳು, ಹಿಂದಲೆ ಕಲ್ಲುಕಟ್ಟೆಯ ಅಂಚಿಗೆ ಬಡಿಯಿತು. ಬೂದು ನೆಲದ ಮೇಲೆ ರಕ್ತ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ. ಅವನು ನಕ್ಕ.

ನಾನು ಅವನ ಕೆನ್ನೆಗೆ ಹೊಡೆದೆ. ಒಂದಲ್ಲ. ಅಂಗೈ ಮರಗಟ್ಟುವ ತನಕ ಆ ಕಡೆ ಈ ಕಡೆ ಹೊಡೆದೆ. ಆಮೇಲೆ ಕುರ್ಚಿ ಮಗುಚಿ ಹಾಕಿ, ನೆಲಕ್ಕೆ ಬಿದ್ದವನ ಪಕ್ಕೆಗೆ ಒದ್ದೆ. ಅಮ್ಮ ತಲೆಯಿಂದ ರಕ್ತ ಸುರಿಸಿಕೊಂಡು ತೆವಳಿ ಬಂದು ಅವನ ಮೇಲೆ ಅಡ್ಡ ಬಿದ್ದಳು. ಕೊನೆಯ ಒದೆ ಅವಳ ಬೆನ್ನಿಗೆ ಬಿತ್ತು. ಆಗ ನಿಂತೆ.

ಹೊಸ ಮನೆಯಲ್ಲಿ ಅಮ್ಮನಿಗೆ ಬಿದ್ದ ಒದೆ ನನ್ನದು. ಅದಕ್ಕಿಂತ ಕೆಟ್ಟ ಮಾತು ಹೇಳುತ್ತೇನೆ ಕೇಳು. ಅವನನ್ನು ಹೊಡೆಯುವಾಗ ನನಗೆ ಹಿತವಾಗಿತ್ತು. ಎರಡು ದಿನ ಬಿಟ್ಟು ಮತ್ತೆ ಹೊಡೆದೆ. ಆವಾಗ ಅವನು ಏನೂ ಮಾಡಿರಲಿಲ್ಲ, ನೀರು ಕೇಳಿದ್ದ ಅಷ್ಟೇ. ಲಾಂಡ್ರಿಯಲ್ಲಿ ನಿಂತಿರುವಾಗ ಯಾವಾಗ ಮನೆಗೆ ಹೋಗುತ್ತೇನೋ ಅನ್ನಿಸುತ್ತದೆ. ನನಗೆ ನನ್ನ ಕೈಯ ಭಯವಾಗಿದೆ.

ಈಗ ಅಮ್ಮನದು. ಚಿಲಕ ಹಾಕುವವನು ಬಂದ ದಿನ ನಾನು ಒಳಗಡೆ ಎಂದು ಹೇಳಿ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ನನ್ನ ಕೋಣೆಗೂ ನಿನ್ನ ಕೋಣೆಗೂ ಹೊರಗಡೆ ಚಿಲಕ. ಒಳಗೆ ಏನೂ ಇಲ್ಲ. ಅಮ್ಮನ ಅಪ್ಪಣೆಯಂತೆ. ಅವತ್ತು ಅವಳ ಎದುರು ಕೂತು ನಿನ್ನ ಪ್ರಶ್ನೆಯನ್ನೇ ಕೇಳಿದೆ, ಅವನೋ ಮಗನೋ ಅಂತ. ಅವಳು ಇಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವಳಂದದ್ದನ್ನು ಹಾಗೇ ಬರೆಯುತ್ತೇನೆ.

“ನಿಮ್ಮಪ್ಪ ಹೊಡೀತಿದ್ದದ್ದು ತನ್ನ ಕೊಬ್ಬಿಗೆ. ಅವರ ಪಾಪ ಅವರದು. ನಿನ್ನ ತಮ್ಮ ಹೊಡೆದದ್ದು ನನ್ನ ಹೆಸರಲ್ಲಿ. ಮೊದಲ್ನೇ ಏಟಿಗೇ ಇವರು ಬಿದ್ರು, ನನ್ನ ಕೂದಲು ಬಿಟ್ರು. ನಾನು ಸಾಕು ಮಗಾ, ಸಾಕು ಅಂದೆ. ಕಾಲು ಹಿಡ್ಕೊಂಡು ಅಂದೆ. ಅವನು ಹಾರೆ ಮತ್ತೆ ಎತ್ತಿದ. ಆಗ ಅವನ ಮುಖ ನೋಡ್ದೆ ಕಣೆ. ನಿಮ್ಮಪ್ಪನ ಮುಖಾನೇ. ಈಗ ನೀನೂ ನನಗೋಸ್ಕರ ಅಂತ ಶುರು ಮಾಡಿದ್ದೀಯ. ನನಗೋಸ್ಕರ ಹೊಡೆಯೋರು ಮನೆ ತುಂಬ ಆದ್ರು. ಕಾಲಿಲ್ಲದವರ ಕೈಯಿಂದ ಎರಡು ಹೆಜ್ಜೆ ಹಿಂದೆ ಹೋಗ್ತೀನಿ, ನಿಮ್ಮ ಕೈಯಿಂದ ಎಲ್ಲಿಗೆ ಹೋಗ್ಲಿ?”

ಅವಳು ಕೋರ್ಟಿನಲ್ಲಿ ಹೇಳಿದ್ದು ಅಪ್ಪನ ಹೆದರಿಕೆಗಲ್ಲ. ನಿನ್ನ ಹೆದರಿಕೆಗೆ. ನಿನಗೆ ಹೇಳಬಾರದು ಅಂತಿದ್ದೆ, ಆದರೆ ಈಗ ಆ ಹೆದರಿಕೆಯಲ್ಲಿ ನನಗೂ ಪಾಲಿದೆ.

ನೀನು ಬಾ. ಕೆಲಸ ಮುಗಿಸುವುದಕ್ಕಲ್ಲ. ನಾನು ಅದನ್ನು ಮುಗಿಸದ ಹಾಗೆ ನನ್ನ ಕೈ ಹಿಡಿದುಕೊಳ್ಳುವುದಕ್ಕೆ ಬಾ.

ಅಕ್ಕ

ಅಕ್ಟೋಬರ್ 25

ಅಕ್ಕಾ,

ಅಮ್ಮ ಸಾಕು ಅಂದದ್ದು ನನಗೆ ಗೊತ್ತಿರಲಿಲ್ಲ. ಕಾಲು ಹಿಡಿದದ್ದೂ ಗೊತ್ತಿಲ್ಲ. ಯಾರೋ ಕಾಲಿಗೆ ಅಡ್ಡ ಬಂದ ಹಾಗಿತ್ತು, ಒದ್ದು ಬಿಡಿಸಿಕೊಂಡೆ ಅನ್ನುವ ನೆನಪು ಮಾತ್ರ ಇದೆ. ಅದು ಅವಳು ಅಂತ ಈಗ ಗೊತ್ತಾಯಿತು. ಇಷ್ಟು ವರ್ಷ ನಾನು ಅವಳನ್ನು ಉಳಿಸಿದವನು ಅಂತ ಎದೆ ಸೆಟೆಸಿಕೊಂಡು ಇಲ್ಲಿ ಓಡಾಡಿದೆ. ನೆನೆಸಿಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನೀನು ಹಿತವಾಗಿತ್ತು ಅಂದೆಯಲ್ಲ, ಅದನ್ನು ನಾನು ಬಲ್ಲೆ. ಇಲ್ಲಿ ನನ್ನ ಜೊತೆ ಮಲಗುವವರೆಲ್ಲ ಬಲ್ಲರು. ಒಬ್ಬೊಬ್ಬರೂ ಯಾರಿಗೋಸ್ಕರವೋ ಹೊಡೆದವರೇ. ತಂಗಿಗೋಸ್ಕರ, ಮಾನಕ್ಕೋಸ್ಕರ, ಗೆಳೆಯನಿಗೋಸ್ಕರ. ನೀನು ಈ ಸಾಲಿಗೆ ಬಂದು ನಿಲ್ಲಬೇಡ.

ನನ್ನ ಮಾತು ಕೇಳು. ನಿಮ್ಮ ಲಾಂಡ್ರಿಯವರು ಬೇರೆ ಊರಿನಲ್ಲಿ ಹೊಸ ಶಾಖೆ ಮಾಡಿದ್ದಾರೆ, ಮೇಲ್ವಿಚಾರಣೆಗೆ ಕರೆಯುತ್ತಿದ್ದಾರೆ ಅಂತ ಹಿಂದೊಮ್ಮೆ ನೀನೇ ಬರೆದಿದ್ದೆಯಲ್ಲ. ಒಪ್ಪಿಕೋ. ನಾನು ಬಂದ ದಿನ ನೀನು ಹೊರಡು. ಅಲ್ಲಿಯವರೆಗೆ ಅವನ ಹತ್ತಿರ ಹೋಗಬೇಡ, ಕೈ ಏಳುತ್ತದೆ ಅನ್ನಿಸಿದರೆ ಹೊರಗೆ ಹೋಗಿ ಉಳಿದ ಮರಳು ಹೊರು. ಮನೆ ಕಟ್ಟಿದವಳು ನೀನು, ಬಿಟ್ಟು ಹೋಗು ಅನ್ನುವುದು ಅನ್ಯಾಯ ಅಂತ ಗೊತ್ತು. ಆದರೂ ಹೋಗು.

ಅವನನ್ನು ನೋಡಿಕೊಳ್ಳುವವನು ನಾನು. ಎತ್ತುವುದು, ತೊಳೆಯುವುದು, ಎಲ್ಲ. ಪ್ರೀತಿ ಉಕ್ಕಿ ಬಂದಿದೆ ಅಂದುಕೊಳ್ಳಬೇಡ, ಅವನ ಹೆಸರು ತೆಗೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಆ ಕಾಲು ಮುರಿದವನು ನಾನು, ಆ ಭಾರ ಅಮ್ಮನ ಸೊಂಟದ ಮೇಲೆ ಬೀಳಬಾರದು, ಅಷ್ಟೇ ಲೆಕ್ಕ.

ನಾಲ್ಕಡಿ ಬಾಗಿಲು ಮತ್ತೆ ಮಾಡಿದೆ, ಎರಡು. ಹೊಸ ಮರ ಸಿಗಲಿಲ್ಲ, ಸೀಳಿದ ಹಲಗೆಗಳಲ್ಲಿ ಒಳ್ಳೆಯವನ್ನು ಆರಿಸಿ, ಶೆಡ್ಡಿನಲ್ಲಿ ಉಳಿದಿದ್ದ ತುಂಡು ಮರಗಳ ಜೊತೆ ಜೋಡಿಸಿದ್ದೇನೆ, ಕೂಡಿಸಿದ ಗೆರೆ ಕಾಣುತ್ತದೆ. ನನ್ನ ಕೋಣೆಯ ಚಿಲಕ ಬದಲಿಸಬೇಡ. ಹೊರಗೇ ಇರಲಿ. ಅಮ್ಮ ಹಾಕಿಕೊಂಡು ಮಲಗಲಿ, ನನಗೆ ಅಭ್ಯಾಸವಿದೆ.

ತಮ್ಮ

ಡಿಸೆಂಬರ್ 8

ಅಕ್ಕಾ,

ನೀನು ಬಸ್ಸು ಹತ್ತಿದ ಮೇಲೆ ಬರೆಯುತ್ತಿರುವ ಮೊದಲ ಪತ್ರ. ತಲುಪಿದ ಸುದ್ದಿ ಬಂತು. ಅಲ್ಲಿನ ಯಂತ್ರಗಳು ಹೊಸವಾದರೆ ಆವಿಯ ಕೊಳವೆಗೆ ಕೈ ತಾಗಿಸಬೇಡ.

ಮನೆ ಒಂದು ಹದಕ್ಕೆ ಬಂದಿದೆ. ನೀನು ಬಿಟ್ಟು ಹೋದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದೆ. ಅಡುಗೆಮನೆಯ ಮೇಲಿನ ಕಪಾಟು ಇಳಿಸಿ ಅಮ್ಮನ ಭುಜದ ಎತ್ತರಕ್ಕೆ ಹೊಡೆದೆ, ಇನ್ನು ಸ್ಟೂಲು ಬೇಕಿಲ್ಲ. ನಾನು ಹಾಗೆ ಮೊಳೆ ಹೊಡೆಯುವಾಗ ಪ್ರತಿ ಏಟಿಗೂ ಅವಳು ಪಕ್ಕದ ಕೋಣೆಯಲ್ಲಿ ಬೆಚ್ಚುವುದು ಕಾಣುತ್ತಿತ್ತು. ಆಮೇಲೆ ಮೊಳೆ ಬಿಟ್ಟು ತಿರುಪು ಹಾಕಿದೆ. ಸದ್ದಿಲ್ಲದ ಕೆಲಸ, ನಿಧಾನ.

ಅವಳು ಮಾತಾಡುವುದಿಲ್ಲ. ತಟ್ಟೆಯನ್ನು ಮೇಜಿನ ಆ ತುದಿಯಲ್ಲಿಟ್ಟು ಹಿಂದೆ ಸರಿಯುತ್ತಾಳೆ. ಕತ್ತಲಾದ ಮೇಲೆ ನಾನು ಕೋಣೆಗೆ ಹೋಗುತ್ತೇನೆ, ಹೊರಗಿನಿಂದ ಚಿಲಕ ಬೀಳುತ್ತದೆ. ಜೈಲಿನವರಿಗಿಂತ ಮೆಲ್ಲಗೆ ಹಾಕುತ್ತಾಳೆ.

ಅವನು ಮಾತಾಡುತ್ತಾನೆ, ಬಾಯಿ ಮುಚ್ಚುವುದೇ ಇಲ್ಲ. ಎತ್ತಿಕೊಂಡರೆ ಉಗುರು ಹಾಕಿ ಕತ್ತು ಬಗೆಯುತ್ತಾನೆ, ಮುಖಕ್ಕೆ ಉಗಿಯುತ್ತಾನೆ. ‘ಸೂಳೆಮಗನೇ, ಧೈರ್ಯ ಇದ್ರೆ ಮುಗಿಸೋ’ ಅಂತ ದಿನಾ ಕೆಣಕುತ್ತಾನೆ. ನಾನು ಹಲಗೆ ಎಣಿಸುತ್ತೇನೆ, ಬಾಗಿಲಿನ ಹಲಗೆ, ಈ ಕಡೆಯಿಂದ ಆ ಕಡೆಗೆ, ಮತ್ತೆ ಈ ಕಡೆಗೆ. ಕೈ ಏಳುತ್ತದೆ ಅಕ್ಕಾ. ದಿನಾ ಏಳುತ್ತದೆ.

ನಿನ್ನೆ ಬೆಳಗ್ಗೆ ಸ್ನಾನಕ್ಕೆ ಕೂರಿಸಿದೆ. ಬಚ್ಚಲಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಲಟ್ಟಣಿಗೆ. ದಿನಾ ಹಾಗೇ ನಿಲ್ಲುತ್ತಾಳೆ. ಅದು ಅವನಿಗಲ್ಲ, ನನಗೆ. ನಾನು ಬಗ್ಗಿ ಅವನ ಅಂಗಿ ಬಿಚ್ಚುವಾಗ ಅವನು ನನ್ನ ಕಿವಿ ಕಚ್ಚಿ ಹಿಡಿದ. ಬಿಡಿಸಿಕೊಳ್ಳುವಷ್ಟರಲ್ಲಿ ಅಂಗಿಯ ಕಾಲರೆಲ್ಲ ರಕ್ತ. ಹಾಗೇ ಬಿಸಿನೀರಿನ ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿದೆ, ತಂಬಿಗೆ ಮುಳುಗಿಸಿ ಅವನ ತಲೆಯ ಮೇಲಕ್ಕೆ ಎತ್ತಿದೆ. ಬಚ್ಚಲೆಲ್ಲ ಹಬೆ ತುಂಬಿತ್ತು.

ಆಗ ಹಿಂದಿನಿಂದ ಅಮ್ಮ, “ನೀರು ನೋಡಪ್ಪ, ಅವರಿಗೆ ಸುಟ್ಟೀತು” ಎಂದಳು.

ನಾನು ಹಾರೆ ಎತ್ತಿದ ದಿನದಿಂದೀಚೆಗೆ ನನಗೆ ಅವಳಾಡಿದ ಮೊದಲ ಮಾತು ಇದು. ಅವನಿಗೋಸ್ಕರ ಆಡಿದ್ದು, ಆದರೂ ಅಪ್ಪ ಅಂತ ಕರೆದದ್ದು ನನ್ನನ್ನು. ತಂಬಿಗೆ ಇಳಿಸಿ ಎಡಗೈಯನ್ನು ಬಕೆಟ್ಟಿಗೆ ಅದ್ದಿದೆ. ಚರ್ಮ ಕಿತ್ತು ಬರುವಷ್ಟು ಬಿಸಿ ಇತ್ತು. ನಾನು ಅದನ್ನು ಗೊತ್ತಿದ್ದು ಎತ್ತಿದ್ದೆನೋ ಗೊತ್ತಿಲ್ಲದೆ ಎತ್ತಿದ್ದೆನೋ, ನಿನ್ನಾಣೆ ನನಗೆ ತಿಳಿಯದು.

ತಣ್ಣೀರಿನ ನಲ್ಲಿ ತಿರುಗಿಸಿದೆ. ಅಮ್ಮ ಹತ್ತಿರ ಬಂದು, ಲಟ್ಟಣಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ತಾನೂ ಬಕೆಟ್ಟಿಗೆ ಕೈ ಹಾಕಿ ನೋಡಿದಳು. “ಇನ್ನೂ ಸ್ವಲ್ಪ ಬಿಡು” ಎಂದಳು. ಬಿಟ್ಟೆ.

ತಮ್ಮ